ನೆಲದ ಹೆಸರೂ ಜನಾಂಗದ ಎಣಿಕೆಯೂ

ಮನುಷ್ಯರನ್ನು ನೆಲದ ಹೆಸರಿನಿಂದ ಗುರುತಿಸುವುದು ಬಹು ಪ್ರಾಚೀನವಾದ ರೂಢಿ. ನೀಲಗಿರಿಯ ಬಡಗರ ಹೆಸರು ಅವರು ಬಡಗಲಿಂದ, ಎಂದರೆ ಉತ್ತರದಿಂದ, ಬಂದವರೆಂಬುದನ್ನು ತಿಳಿಸುತ್ತದೆ. ಇಂತಹ ಹೆಸರು ದಿಕ್ಕನ್ನೋ ದೇಶವನ್ನೋ ಸೂಚಿಸಿ ಸುಮ್ಮನಿರುವವರೆಗೆ ಯಾವ ಬಾಧಕವೂ ಇಲ್ಲ. ಅದನ್ನೇ ರಕ್ತಸಂಬಂಧದ ಗುರುತೆಂದು ಬಗೆದು, ಅದರ ಮೇಲೆ ಶಾಸನಗಳನ್ನು ಕಟ್ಟಿದಾಗ ಏನಾಗುವುದೆಂಬುದಕ್ಕೆ ‘ಕಾಕೇಷಿಯನ್’ ಎಂಬ ಶಬ್ದದ ಚರಿತ್ರೆ ತಕ್ಕ ನಿದರ್ಶನವಾಗಿದೆ.

ಕಪ್ಪು ಸಮುದ್ರಕ್ಕೂ ಕಾಸ್ಪಿಯನ್ ಸಮುದ್ರಕ್ಕೂ ನಡುವೆ ಹಬ್ಬಿರುವುದು ಕಾಕಸಸ್ ಪರ್ವತ. ಜರ್ಮನಿಯ ಪಂಡಿತನಾದ ಬ್ಲೂಮೆನ್‌ಬಾಖನು 1795ರಲ್ಲಿ ತನ್ನ ಗ್ರಂಥದ ಮೂರನೆಯ ಆವೃತ್ತಿಯನ್ನು ಹೊರಡಿಸಿದಾಗ, ಮಾನವಕುಲವನ್ನು ಐದು ಪ್ರಭೇದಗಳಾಗಿ ವಿಂಗಡಿಸಿ, ಯೂರೋಪಿನವರನ್ನೊಳಗೊಂಡ ಪ್ರಭೇದಕ್ಕೆ ಈ ಪರ್ವತದ ಹೆಸರನ್ನಿಟ್ಟನು. ಅಲ್ಲಿನ ಜಾರ್ಜಿಯಾ ಸೀಮೆಯವರು ಅತಿಸುಂದರರೆಂಬುದೂ, ಮಾನವನ ಮೂಲಸ್ಥಾನವು ಅಲ್ಲಿಯೇ ಇದ್ದಿರಬಹುದೆಂಬುದೂ ಆತನು ಕೊಟ್ಟ ಕಾರಣಗಳು. ಪ್ರಭೇದಗಳು ಒಂದರೊಳಗೊಂದು ಬೆರೆತುಹೋಗುವುವು, ನಡುವೆ ಖಚಿತವಾದ ಗೆರೆಯಿಲ್ಲ ಎಂದೂ ಆತನೇ ಹೇಳಿದ್ದನು. ಹೆಸರು ಉಳಿಯಿತು, ಎಚ್ಚರಿಕೆ ಮರೆತುಹೋಯಿತು. ಆ ಜಾರ್ಜಿಯಾದವರ ಭಾಷೆಯಾದರೋ ಇಂಗ್ಲಿಷು, ಜರ್ಮನ್ ಮೊದಲಾದುವು ಸೇರಿದ ಇಂಡೋ-ಯೂರೋಪಿಯನ್ ವರ್ಗಕ್ಕೆ ಸೇರಿದುದೇ ಅಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1790ರ ಶಾಸನದಂತೆ, ಪರದೇಶದಿಂದ ಬಂದವರ ಪೈಕಿ ಸ್ವತಂತ್ರರಾದ ಬಿಳಿಯರು ಮಾತ್ರ ಪೌರತ್ವಕ್ಕೆ ಅರ್ಹರಾಗಿದ್ದರು. 1870ರಲ್ಲಿ ಆಫ್ರಿಕಮೂಲದವರಿಗೂ ಆ ಹಕ್ಕು ದೊರೆಯಿತು. ಆದರೆ ಬಿಳಿಯನೆಂದರೆ ಯಾರು? 1922ರ ನವೆಂಬರಿನಲ್ಲಿ ಜಪಾನಿನವನಾದ ಟಕಾವೊ ಒಜಾವಾನ ಮೊಕದ್ದಮೆಯನ್ನು ತೀರ್ಮಾನಿಸುತ್ತ ಅಲ್ಲಿನ ಸರ್ವೋಚ್ಚ ನ್ಯಾಯಸ್ಥಾನವು, ಮೈಬಣ್ಣವೊಂದೇ ಪ್ರಮಾಣವಾಗಲಾರದು, ಬಿಳಿಯನೆಂದರೆ ಕಾಕೇಷಿಯನ್ ಜನಾಂಗದವನು ಎಂದು ಹೇಳಿ ಅವನ ಬೇಡಿಕೆಯನ್ನು ತಳ್ಳಿಹಾಕಿತು.

ಇದಾದ ಕೆಲವೇ ವಾರಗಳಲ್ಲಿ ಅದೇ ನ್ಯಾಯಸ್ಥಾನದ ಮುಂದೆ ಭಗತ್ ಸಿಂಗ್ ಥಿಂದನ ವ್ಯಾಜ್ಯವು ಬಂದಿತು. ಪಂಜಾಬಿನಲ್ಲಿ ಹುಟ್ಟಿ, 1913ರಲ್ಲಿ ಅಮೆರಿಕವನ್ನು ಸೇರಿ, 1918ರಲ್ಲಿ ಅದರ ಸೈನ್ಯದಲ್ಲಿ ಸೇವೆಮಾಡಿದವನು ಆತ. ಉತ್ತರಭಾರತದವರನ್ನು ಕಾಕೇಷಿಯನ್ ಜನಾಂಗಕ್ಕೆ ಸೇರಿಸಿದ ಶಾಸ್ತ್ರಜ್ಞರು ಅಂದು ಇದ್ದುದರಿಂದ, ತಾನೂ ಅರ್ಹನೆಂದು ಆತನು ವಾದಿಸಿದನು. 1923ರ ಫೆಬ್ರವರಿ 19ರಂದು ತೀರ್ಪು ಹೊರಬಿದ್ದಿತು. ಹಿಂದಿನ ತೀರ್ಪನ್ನು ಬರೆದ ನ್ಯಾಯಾಧಿಪತಿ ಸದರ್ಲೆಂಡನೇ ಇದನ್ನೂ ಬರೆದನು: ಶಾಸ್ತ್ರಜ್ಞರ ವಿಂಗಡಣೆ ಹೇಗೇ ಇರಲಿ, ಸಾಮಾನ್ಯಜನರ ತಿಳಿವಳಿಕೆಯಂತೆ ಈತನು ಬಿಳಿಯನಲ್ಲ. ಒಜಾವಾನನ್ನು ಹೊರಗಿಡಲು ಶಾಸ್ತ್ರವು ಪ್ರಮಾಣವಾಯಿತು. ಥಿಂದನನ್ನು ಹೊರಗಿಡಲು ರೂಢಿಯು ಪ್ರಮಾಣವಾಯಿತು. ಸಿಖ್ಖನಾದ ಆತನನ್ನು ಆ ಕಾಗದಪತ್ರಗಳು ‘ಹಿಂದೂ’ ಎಂದೇ ಕರೆದುವು. ಸಿಂಧೂನದಿಯಿಂದ ಬಂದ ಈ ಹೆಸರೂ 1920, 1930, 1940ರ ಅಮೆರಿಕದ ಖಾನೇಷುಮಾರಿಗಳಲ್ಲಿ ಜನಾಂಗದ ಹೆಸರಾಗಿ ನಮೂದಾಯಿತು.

ಈ ವಿವಾದದ ಫಲ ಪಂಡಿತರ ಚರ್ಚೆಯಲ್ಲಿಯೇ ಮುಗಿಯಲಿಲ್ಲ. ಅದುವರೆಗೆ ಪೌರತ್ವವನ್ನು ಪಡೆದಿದ್ದ ಅನೇಕ ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು. ಪೌರತ್ವಕ್ಕೆ ಅನರ್ಹರಾದವರು ಬೇಸಾಯದ ಭೂಮಿಯನ್ನು ಹೊಂದಕೂಡದೆಂಬ ಶಾಸನ ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇದ್ದಿತು. ಸಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿಯಿಟ್ಟಿದ್ದ ವೈಷ್ಣೋದಾಸ ಬಗಾಯಿಯು 1921ರಲ್ಲಿ ಪಡೆದ ಪೌರತ್ವವನ್ನು ಕಳೆದುಕೊಂಡನು. ತಾಯ್ನಾಡಿಗೆ ಹೋಗಿಬರಲು ಅಮೆರಿಕದ ರಹದಾರಿಯೂ ಆತನಿಗೆ ದೊರೆಯಲಿಲ್ಲ. ಆತನು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಥಿಂದನಿಗೆ 1936ರಲ್ಲಿ, ಸೈನಿಕನಾಗಿದ್ದನೆಂಬ ಕಾರಣದಿಂದ, ಪೌರತ್ವ ಸಿಕ್ಕಿತು. ಇತರ ಭಾರತೀಯರಿಗೆ ಆ ಬಾಗಿಲು ತೆರೆದುದು 1946ರ ಶಾಸನದಿಂದ. ಆಮೇಲೆಯೂ ಎಣಿಕೆಯ ಗೊಂದಲ ತಪ್ಪಲಿಲ್ಲ. 1970ರ ಖಾನೇಷುಮಾರಿಯು ಭಾರತೀಯರನ್ನು ಬಿಳಿಯರೊಡನೆ ಎಣಿಸಿತು. 1980ರದು ‘ಏಷಿಯನ್ ಇಂಡಿಯನ್’ ಎಂಬ ಬೇರೆ ಕಲಮಿನಲ್ಲಿ ಬರೆಯಿತು. ಹೀಗೆ ಅರವತ್ತು ವರ್ಷಗಳೊಳಗೆ ಒಂದೇ ಜನಸಮುದಾಯವು ಮೂರು ಹೆಸರುಗಳ ಕೆಳಗೆ ಎಣಿಕೆಯಾಯಿತು. ಕಾಕಸಸ್ ಪರ್ವತವೂ ಸಿಂಧೂನದಿಯೂ ಈ ಕಾಲದಲ್ಲೆಲ್ಲ ಇದ್ದೆಡೆಯಲ್ಲಿಯೇ ಇದ್ದುವು. ನೆಲದ ಹೆಸರು ಮನುಷ್ಯನು ಎಲ್ಲಿಂದ ಬಂದನೆಂಬುದನ್ನು ತಿಳಿಸಬಲ್ಲುದು. ಆತನು ಯಾರೆಂಬ ಪ್ರಶ್ನೆಗೆ ಅದರಿಂದಲೇ ಉತ್ತರ ತೆಗೆಯಹೊರಟವರು, ತಮಗೆ ಬೇಕಾದ ಉತ್ತರವನ್ನು ಅದರೊಳಗಿಟ್ಟು ಹೊರತೆಗೆದರೆಂಬುದನ್ನು ಈ ಚರಿತ್ರೆಯು ಸ್ಪಷ್ಟಪಡಿಸುತ್ತದೆ.