ಭಾರ ಹೊತ್ತ ಗಾಲಿಗಳು

ಶ್ರವಣಬೆಳಗೊಳದ ಗೊಮ್ಮಟನನ್ನು ಯಾರೂ ಎಲ್ಲಿಂದಲೂ ಸಾಗಿಸಿ ತರಲಿಲ್ಲ. 10ನೆಯ ಶತಮಾನದ ಶಿಲ್ಪಿಗಳು ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡೆದು ಆ ಮೂರ್ತಿಯನ್ನು ರೂಪಿಸಿದರು. ಕಾರ್ಕಳದ ಕಥೆ ಬೇರೆ. 1432ರಲ್ಲಿ ವೀರಪಾಂಡ್ಯ ಭೈರರಸ ಪ್ರತಿಷ್ಠಾಪಿಸಿದ ಸುಮಾರು 42 ಅಡಿ ಎತ್ತರದ ಬಾಹುಬಲಿಯನ್ನು ಬೇರೆಡೆ ಕಡೆದು ಗುಡ್ಡದ ಮೇಲಕ್ಕೆ ಎಳೆದು ತಂದರೆಂಬುದು ಅಲ್ಲಿನ ಐತಿಹ್ಯ. ಕಬ್ಬಿಣದ ಗಾಲಿಗಳ ಇಪ್ಪತ್ತು ಬಂಡಿಗಳನ್ನು ಜೋಡಿಸಿ, ಅವುಗಳ ಮೇಲೆ ಸಾವಿರಾರು ತೆಂಗಿನಕಾಯಿ ಒಡೆದು, ಹತ್ತಿ ಹಾಸಿ, ಅದರ ಮೇಲೆ ವಿಗ್ರಹವನ್ನು ಮಲಗಿಸಿ, ಇಳಿಜಾರಾಗಿ ಕಟ್ಟಿದ ದಾರಿಯಲ್ಲಿ ಭಕ್ತಸಮೂಹ ಎಳೆಯಿತಂತೆ.

ಐತಿಹ್ಯದಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಭಾರದ ಸಾಗಣೆಯ ಮೂಲಸೂತ್ರಗಳೆಲ್ಲ ಅದರಲ್ಲಿ ಅಡಗಿವೆ. ಭಾರವನ್ನು ಹಲವು ಗಾಲಿಗಳಿಗೆ ಹಂಚಬೇಕು, ಹೊರೆಯ ಅಡಿಗೆ ಮೆತ್ತೆ ಇರಬೇಕು, ಏರು ಕಡಿದಾಗಿರಬಾರದು.

ಐದು ಶತಮಾನಗಳ ಬಳಿಕ ಅದೇ ಕಾರ್ಕಳದಿಂದ ಇನ್ನೊಬ್ಬ ಬಾಹುಬಲಿ ಹೊರಟ. ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಡೆದ, 39 ಅಡಿ ಎತ್ತರದ, ಸುಮಾರು 170 ಟನ್ ತೂಕದ ಈ ವಿಗ್ರಹವನ್ನು 1973ರಲ್ಲಿ 64 ಗಾಲಿಗಳ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಒಯ್ಯಲಾಯಿತು. ದಾರಿಯುದ್ದಕ್ಕೂ ಜನ ಕಿಕ್ಕಿರಿದು ನೋಡಿದರು. ವಿಗ್ರಹದ ತೂಕವನ್ನಷ್ಟೇ ಲೆಕ್ಕ ಹಾಕಿದರೂ ಪ್ರತಿ ಗಾಲಿಯ ಪಾಲಿಗೆ ಎರಡೂವರೆ ಟನ್ನಿಗೂ ಮಿಕ್ಕ ಭಾರ ಬಂದಿತ್ತು.

ಗಾಲಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಭಾರ ತಾನಾಗಿ ಸಮನಾಗಿ ಹಂಚಿಹೋಗುವುದಿಲ್ಲ. ರಸ್ತೆಯಲ್ಲಿ ಒಂದು ಉಬ್ಬು ಬಂದರೆ ಸಾಕು, ಅದರ ಮೇಲೇರಿದ ನಾಲ್ಕಾರು ಗಾಲಿಗಳೇ ಪೂರ್ತಿ ಹೊರೆಯನ್ನು ಹೊರಬೇಕಾಗುತ್ತದೆ. ಈ ತೊಡಕನ್ನು ನಿವಾರಿಸಿದ್ದು ಹೈಡ್ರಾಲಿಕ್ ಆಕ್ಸಲ್. ಪ್ರತಿ ಆಕ್ಸಲ್‌ನ ಮೇಲಿರುವ ಎಣ್ಣೆಯ ಸಿಲಿಂಡರುಗಳನ್ನು ಕೊಳವೆಗಳಿಂದ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದು ಗಾಲಿ ಉಬ್ಬನ್ನು ಏರಿದಾಗ ಅಲ್ಲಿನ ಎಣ್ಣೆ ಪಕ್ಕದ ಸಿಲಿಂಡರಿಗೆ ಹರಿದು ಒತ್ತಡ ಸಮನಾಗುತ್ತದೆ. ಕೊನೆಯ ಸಾಲಿನ ಗಾಲಿಗಳೂ ತಿರುಗುವುದರಿಂದ ಉದ್ದನೆಯ ಟ್ರೇಲರ್ ತಿರುವುಗಳಲ್ಲಿ ನುಸುಳಬಲ್ಲದು.

ಇಷ್ಟೆಲ್ಲ ಇದ್ದರೂ ಅಪಾಯ ಬೇರೊಂದು ಕಡೆ ಹೊಂಚು ಹಾಕಿರುತ್ತದೆ. ಹೈದರಾಬಾದಿನ ಹುಸೇನ್ ಸಾಗರದ ಬುದ್ಧನ ಪ್ರಸಂಗ ಇದಕ್ಕೆ ದಾರುಣ ನಿದರ್ಶನ. ಸುಮಾರು 320 ಟನ್ ತೂಕದ ಏಕಶಿಲಾ ಪ್ರತಿಮೆ ರಾಯಗಿರಿಯಿಂದ 192 ಗಾಲಿಗಳ ಟ್ರೇಲರಿನಲ್ಲಿ ಸುರಕ್ಷಿತವಾಗಿ ಕೆರೆಯ ದಂಡೆ ಮುಟ್ಟಿತು. ಉಳಿದದ್ದು ಕೆರೆಯ ನಡುವಿನ ಪೀಠದವರೆಗಿನ ಸ್ವಲ್ಪ ದೂರ ಮಾತ್ರ. 1990ರ ಮಾರ್ಚ್ 10ರಂದು ಪ್ರತಿಮೆಯನ್ನು ಹೊತ್ತ ತೆಪ್ಪ ದಂಡೆಯಿಂದ ನೂರು ಗಜದಷ್ಟು ಸಾಗುವಷ್ಟರಲ್ಲಿ ವಾಲಿತು. ಬುದ್ಧ ಜಾರಿ ನೀರಿಗೆ ಬಿದ್ದ. ಹಲವರು ಪ್ರಾಣ ಕಳೆದುಕೊಂಡರು. ಪ್ರತಿಮೆಗೆ ಭಂಗ ಬರಲಿಲ್ಲ. 1992ರ ಡಿಸೆಂಬರ್ 1ರಂದು ಅದನ್ನು ಮೇಲೆತ್ತಿ ನಿಲ್ಲಿಸಲಾಯಿತು. ಹೋದ ಜೀವಗಳು ಮಾತ್ರ ಮರಳಲಿಲ್ಲ.

ಬೆಂಗಳೂರಿನ ಈಜಿಪುರದ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆ ತಮಿಳುನಾಡಿನ ವಂದವಾಸಿ ಬಳಿಯಿಂದ ಬಂದ ವಿಷ್ಣುವಿನ ವಿಗ್ರಹ ದಾರಿಯ ಕಷ್ಟಗಳನ್ನು ಕಾಣಿಸಿಕೊಟ್ಟಿತು. 300 ಟನ್ನಿಗೂ ಮಿಕ್ಕಿದ ಈ ಶಿಲೆ 240 ಗಾಲಿಗಳ ಟ್ರೇಲರಿನಲ್ಲಿ 2018ರ ಡಿಸೆಂಬರಿನಲ್ಲಿ ಹೊರಟು, ಬೆಂಗಳೂರು ಸೇರಿದ್ದು 2019ರ ಮಧ್ಯಭಾಗದಲ್ಲಿ. ಟೈರುಗಳು ಮತ್ತೆ ಮತ್ತೆ ಸಿಡಿದವು. ಇಕ್ಕಟ್ಟಿನ ಊರುಗಳಲ್ಲಿ ಕಟ್ಟಡಗಳ ಮುಂಭಾಗವನ್ನು ಕೆಡವಬೇಕಾಯಿತು. ಹೊಸೂರಿನ ಬಳಿ ಹೊಳೆಯ ಸೇತುವೆ ಈ ಭಾರವನ್ನು ತಾಳಲಾರದೆಂದು ಪಕ್ಕದಲ್ಲೇ ತಾತ್ಕಾಲಿಕ ಮಣ್ಣಿನ ದಾರಿ ನಿರ್ಮಿಸಿದರು. ತಿಂಗಳುಗಟ್ಟಲೆಯ ವಿಳಂಬ ನಗೆಪಾಟಲಾದರೂ, ಸೇತುವೆಯ ಮೇಲೆ ದುಡುಕದೆ ಕಾದದ್ದು ವಿವೇಕವೇ ಸರಿ.

ವಿಗ್ರಹಗಳ ಪಯಣ ಅಪರೂಪದ್ದು. ಆದರೆ ರಸ್ತೆ, ಕಟ್ಟಡ, ಕಾಲುವೆಗಳ ಕೆಲಸಕ್ಕಾಗಿ ಇಪ್ಪತ್ತು ಟನ್ ತೂಗುವ ಹಿಟಾಚಿಗಳೂ ರೋಡ್ ರೋಲರುಗಳೂ ಟ್ರೇಲರ್ ಏರಿ ಊರೂರು ಸುತ್ತುತ್ತಲೇ ಇರುತ್ತವೆ. ಇಲ್ಲಿಯೂ ಗಂಡಾಂತರ ಹೆಚ್ಚಾಗಿರುವುದು ಹತ್ತುವ ಮತ್ತು ಇಳಿಯುವ ಗಳಿಗೆಯಲ್ಲಿ. ನೆಲ ಸಮತಟ್ಟಾಗಿರದಿದ್ದರೆ ಟ್ರೇಲರೇ ವಾಲುತ್ತದೆ. ಹಲಗೆಯ ಮೇಲೆ ಕೆಸರಿದ್ದರೆ ಉಕ್ಕಿನ ಪಟ್ಟಿ ಜಾರುತ್ತದೆ. ಯಂತ್ರದ ಪಕ್ಕದಲ್ಲೇ ನಿಂತು ‘ಬರಲಿ, ಬರಲಿ’ ಎಂದು ಕೈಬೀಸುವವನಿಗೆ ಆಗ ಓಡಲು ಜಾಗವಿರುವುದಿಲ್ಲ. ಮೇಲೇರಿದ ಯಂತ್ರದ ತೋಳನ್ನು ತಗ್ಗಿಸಿ, ಬಕೆಟ್ಟನ್ನು ಹಲಗೆಗೆ ಊರಿ, ನಾಲ್ಕೂ ಮೂಲೆಗಳಿಗೆ ಸರಪಳಿ ಬಿಗಿಯಬೇಕು. ಕುಲುಕಾಟಕ್ಕೆ ಬಿಗಿತ ಸಡಿಲಾಗುವುದರಿಂದ ಕೆಲವು ಕಿಲೋಮೀಟರ್ ಸಾಗಿದ ಮೇಲೆ ಇಳಿದು ಮತ್ತೆ ನೋಡಬೇಕು. ಒಟ್ಟು ಎತ್ತರವನ್ನು ಅಳೆಯದೆ ಹೊರಟರೆ ದಾರಿಯ ವಿದ್ಯುತ್ ತಂತಿಯೇ ಮೃತ್ಯುವಾದೀತು.

ಇವು ಯಾವುವೂ ದೊಡ್ಡ ವಿದ್ಯೆಗಳಲ್ಲ, ಅರ್ಧ ಗಂಟೆಯ ಕೆಲಸಗಳು. ಬಾಡಿಗೆಯ ಲೆಕ್ಕದಲ್ಲಿ ಮೊದಲು ಕಡಿತವಾಗುವುದು ಮಾತ್ರ ಈ ಅರ್ಧ ಗಂಟೆಯೇ. ಬಹುದೂರ ಸುರಕ್ಷಿತವಾಗಿ ಬಂದ ಬುದ್ಧ ಕೊನೆಯ ಅಲ್ಪ ದೂರದಲ್ಲಿ ಮುಳುಗಿದ್ದನ್ನು ಯಂತ್ರದ ಮಾಲೀಕರೂ ಚಾಲಕರೂ ನೆನಪಿಡುವುದು ಒಳಿತು.