ನರ್ತಕನ ಉಡುಪು

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆ ಎಂಬುದು ಭರತನ ಮತ. ಇವುಗಳಲ್ಲಿ ಆಹಾರ್ಯವೆಂದರೆ ಉಡುಗೆ, ತೊಡುಗೆ, ಬಣ್ಣ, ಕಿರೀಟ. ಹೊರಗಿನಿಂದ ತಂದುಕೊಂಡದ್ದೆಂಬ ಕಾರಣಕ್ಕೆ ನಾವು ಅದನ್ನು ಹಗುರವಾಗಿ ಕಾಣುವುದುಂಟು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ನರ್ತಿಸಲು ಹೊರಟ ಪುರುಷನಿಗೆ ಎದುರಾದ ಅತ್ಯಂತ ಕಠಿನವಾದ ಪ್ರಶ್ನೆ ಈ ಆಹಾರ್ಯದ್ದೇ ಎಂದು ನನಗೆ ತೋರುತ್ತದೆ.

ಹಳೆಯ ಆಟಗಳಿಗೆ ಈ ಪ್ರಶ್ನೆ ಇರಲಿಲ್ಲ. ಗಂಡಸು ಹೆಣ್ಣಿನ ಪಾತ್ರ ವಹಿಸುವುದನ್ನು ನಾಟ್ಯಶಾಸ್ತ್ರವೇ ಒಪ್ಪಿದೆ. ನಮ್ಮ ಯಕ್ಷಗಾನದಲ್ಲಿ, ತಂಜಾವೂರು ಸೀಮೆಯ ಮೆಲಟ್ಟೂರು ಭಾಗವತ ಮೇಳದಲ್ಲಿ, ತೆಲುಗು ನಾಡಿನ ಕೂಚಿಪೂಡಿಯಲ್ಲಿ ಗಂಡಸರೇ ಸೀರೆಯುಟ್ಟು ನಾಯಿಕೆಯರಾದರು. ಕಥಕಳಿಯ ವೀರನಾದರೂ ತುಂಬುತೋಳಿನ ಅಂಗಿ ತೊಟ್ಟು, ವಿಶಾಲವಾದ ನೆರಿಗೆಯುಡುಪಿನೊಳಗೆ ತನ್ನ ಮೈಯನ್ನು ಮರೆಮಾಡಿಕೊಂಡವನೇ. ಗಂಡುತನವಾಗಲಿ ಹೆಣ್ತನವಾಗಲಿ ಚೌಕಿಯಲ್ಲಿ ಕಟ್ಟಿಕೊಂಡು, ಬೆಳಗಾದ ಮೇಲೆ ಚೌಕಿಯಲ್ಲೇ ಬಿಚ್ಚಿಡುವ ವಸ್ತುವಾಗಿತ್ತು.

ತೊಡಕು ಹುಟ್ಟಿದ್ದು ದೇವದಾಸಿಯರ ಏಕವ್ಯಕ್ತಿ ನೃತ್ಯವು ನಗರದ ಸಭಾಂಗಣಕ್ಕೆ ಬಂದಾಗ. ಅದನ್ನು ಕಲಿಸುತ್ತಿದ್ದ ನಟ್ಟುವನಾರರು ಗಂಡಸರು, ಕುಣಿಯುತ್ತಿದ್ದವರು ಹೆಂಗಸರು. ಗಂಡಸೇ ಆ ನೃತ್ಯಕ್ಕೆ ನಿಂತರೆ ಏನನ್ನು ಉಡಬೇಕು? ಅವನಿಗೆಂದು ಪರಂಪರೆ ಹೊಲಿದಿಟ್ಟ ಉಡುಪೇ ಇರಲಿಲ್ಲ.

ಮದರಾಸಿನ ವಕೀಲರಾದ ಇ. ಕೃಷ್ಣ ಅಯ್ಯರ್ ಸ್ತ್ರೀವೇಷ ಧರಿಸಿಯೇ ಕುಣಿದರು. ಸಭ್ಯರು ಮೂಗು ಮುರಿಯುತ್ತಿದ್ದ ಕಲೆಗೆ ಮರ್ಯಾದೆ ತರಬೇಕೆಂಬುದು ಅವರ ಹಂಬಲ. 1931ರಲ್ಲಿ ಕಲ್ಯಾಣಿಯ ಪುತ್ರಿಯರ ನೃತ್ಯ ಮ್ಯೂಸಿಕ್ ಅಕಾಡೆಮಿಯಲ್ಲಿ ನಡೆದದ್ದೂ ಅವರ ಪ್ರಯತ್ನದಿಂದಲೇ. ಅವರ ಉಪಕಾರ ದೊಡ್ಡದು. ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಪ್ರದರ್ಶನ ಮುಗಿದ ಮೇಲೆ ಅಯ್ಯರ್ ಸೀರೆ ಕಳಚಿ ವಕೀಲರ ಕರಿಕೋಟು ತೊಡಬಹುದಾಗಿತ್ತು. ಆ ಕಲೆಯನ್ನು ತಲೆತಲಾಂತರದಿಂದ ಕಾಪಾಡಿದ ಹೆಂಗಸಿಗೆ ಮಾತ್ರ ಸಮಾಜ ಹಚ್ಚಿದ ಕಳಂಕವನ್ನು ಹಾಗೆ ಕಳಚಿಡುವ ಚೌಕಿ ಎಲ್ಲಿಯೂ ಇರಲಿಲ್ಲ.

ಬೆಂಗಳೂರಿನವರಾದ ರಾಮ್ ಗೋಪಾಲ್ ಬೇರೆ ದಾರಿ ಹಿಡಿದರು. ಕುಂಜು ಕುರುಪ್ ಅವರಿಂದ ಕಥಕಳಿಯನ್ನೂ ಮೀನಾಕ್ಷಿಸುಂದರಂ ಪಿಳ್ಳೆಯವರಿಂದ ಭರತನಾಟ್ಯವನ್ನೂ ಕಲಿತ ಅವರು 1939ರಲ್ಲಿ ಲಂಡನ್ನಿನ ರಂಗವನ್ನೇರಿದರು. ಅದಕ್ಕೆ ಹಿಂದಿನ ವರ್ಷ ನ್ಯೂಯಾರ್ಕಿನಲ್ಲಿ ಕಾರ್ಲ್ ವ್ಯಾನ್ ವೆಕ್ಟನ್ ತೆಗೆದ ಅವರ ಛಾಯಾಚಿತ್ರಗಳನ್ನು ನೋಡಿದ್ದೇನೆ: ಕಿರೀಟ, ಆಭರಣ, ತೆರೆದ ಎದೆ. ಗುಡಿಯ ಗೋಡೆಯಿಂದ ದೇವತೆಯೊಬ್ಬ ಇಳಿದು ಬಂದಂತಿದೆ. ನೋಡಿದವರಿಗೆ ಅದು ಸಾವಿರ ವರ್ಷದ ವೇಷವೆನಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು ಅದೇ ಕಾಲದ ಆಯ್ಕೆ. ಶಿಲ್ಪದಿಂದ ಎರವಲು ಪಡೆದು ಹೊಸದಾಗಿ ಕಟ್ಟಿದ ಗಂಡುತನ. ಕುಣಿಯುವ ಗಂಡಸನ್ನು ಕಂಡು ನಗಲು ಸಿದ್ಧವಾಗಿದ್ದ ಲೋಕಕ್ಕೆ ಕೊಟ್ಟ ಉತ್ತರವೆಂದೇ ನಾನು ಅದನ್ನು ಓದುತ್ತೇನೆ. ಮುಂದೆ ಭರತನಾಟ್ಯದ ಎಷ್ಟೋ ನರ್ತಕರಿಗೆ ತೆರೆದ ಎದೆ, ಕಚ್ಚೆಯ ಪಂಚೆಗಳೇ ರೂಢಿಯ ಉಡುಪಾದುವು.

ಕೂಚಿಪೂಡಿಯ ವೇದಾಂತಂ ಸತ್ಯನಾರಾಯಣ ಶರ್ಮರು ಇಂಥ ಉತ್ತರವನ್ನು ಕೊಡಹೋಗಲಿಲ್ಲ. 2012ರಲ್ಲಿ ತೀರಿಕೊಂಡ ಅವರು ಸೀರೆ, ಜಡೆಗಳ ಸತ್ಯಭಾಮೆಯಾಗಿಯೇ ಕೀರ್ತಿವಂತರಾದರು. ಹೆಂಗಸರನ್ನೂ ಮೀರಿಸಿದ ಹೆಣ್ಣು ಎಂಬುದು ಅಂಥವರಿಗೆ ಸಲ್ಲುವ ಹೊಗಳಿಕೆ. ಆ ಮೇಳಗಳಲ್ಲಿ ಹೆಂಗಸರಿಗೆ ಬಹುಕಾಲ ಪ್ರವೇಶವೇ ಇರಲಿಲ್ಲವೆಂಬುದನ್ನು ನೆನೆದಾಗ ಈ ಹೊಗಳಿಕೆ ನನ್ನ ಗಂಟಲಲ್ಲಿ ಸ್ವಲ್ಪ ತಡೆಯುತ್ತದೆ. ಅದು ಶರ್ಮರ ತಪ್ಪಲ್ಲ, ಅವರ ಕಲೆಯ ಕೊರತೆಯೂ ಅಲ್ಲ.

ಕೊನೆಗೆ ಒಡಿಸ್ಸಿಯ ಗುರು ಕೇಳುಚರಣ ಮಹಾಪಾತ್ರರು. ಹುಡುಗರು ಹುಡುಗಿಯರ ಉಡುಪು ತೊಟ್ಟು ಕುಣಿಯುವ ಗೋಟಿಪುವ ಪರಂಪರೆಯಿಂದ ಬಂದವರು ಅವರು. ಮುಪ್ಪಿನಲ್ಲಿ ಅವರು ಅಷ್ಟಪದಿಯನ್ನು ಅಭಿನಯಿಸುತ್ತಿದ್ದುದು ಬರಿಯ ಪಂಚೆಯಲ್ಲಿ. ಎದೆ ತೆರೆದೇ ಇತ್ತು, ತಲೆಗೂದಲು ವಿರಳವಾಗಿತ್ತು. ಆರಂಭದಲ್ಲಿ ಕಾಣುವುದು ವಯಸ್ಸಾದ ಗಂಡಸೇ. ಕೊರಳು ತುಸು ಬಾಗಿ ಕಣ್ಣು ಅರ್ಧ ಮುಚ್ಚಿದರೆ ಅಲ್ಲಿ ರಾಧೆ ನಿಂತಿರುತ್ತಾಳೆ. ಸೀರೆಯಿಲ್ಲ, ಜಡೆಯಿಲ್ಲ, ಅವುಗಳ ಕೊರತೆಯೂ ಇಲ್ಲ. ಆಹಾರ್ಯವು ಸಾತ್ತ್ವಿಕಕ್ಕೆ ದಾರಿ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ನಿಂತಂತೆ.

ಇವರಲ್ಲಿ ಯಾರ ಆಯ್ಕೆ ಸರಿ ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ. ಸೀರೆಯನ್ನೂ ಕಿರೀಟವನ್ನೂ ಪಂಚೆಯನ್ನೂ ಇವರು ತಾವೇ ಆರಿಸಿಕೊಂಡರು. ಆರಿಸಿಕೊಂಡದ್ದಕ್ಕೆ ಮನ್ನಣೆಯೂ ದೊರೆಯಿತು. ಗಂಡು ನರ್ತಕನ ಉಡುಪಿನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಇಂಥ ಆಯ್ಕೆಯ ಭಾಗ್ಯವಿಲ್ಲದೆ ಗೆಜ್ಜೆ ಬಿಚ್ಚಿಟ್ಟ ಹೆಂಗಸರಿಗೂ ಅದರಲ್ಲಿ ಒಂದು ಅಧ್ಯಾಯ ಸಲ್ಲಬೇಕು.