ಒಂದು ಭಾಷೆ, ಎರಡು ಪ್ರಭುತ್ವ: ಆಸ್ಟ್ರಿಯದ ಜರ್ಮನ್ ಮತ್ತು 23 ಪದಗಳ ಪಟ್ಟಿ

ಆಸ್ಟ್ರಿಯ ದೇಶವು ಐರೋಪ್ಯ ಒಕ್ಕೂಟವನ್ನು ಸೇರಿದ್ದು 1995ರ ಜನವರಿ 1ರಂದು. ಸೇರ್ಪಡೆಯ ದಸ್ತಾವೇಜುಗಳ ಭಾಗವಾಗಿರುವ 10ನೆಯ ಪ್ರೋಟೊಕಾಲ್‌ನಲ್ಲಿ 23 ಪದಗಳ ಒಂದು ಪಟ್ಟಿಯಿದೆ. ಎಲ್ಲವೂ ಆಹಾರಪದಾರ್ಥಗಳ ಹೆಸರುಗಳೇ. ಜರ್ಮನಿಯ ‘ಕಾರ್ಟೊಫೆಲ್’ ಆಸ್ಟ್ರಿಯದಲ್ಲಿ ‘ಎರ್ಡಾಪ್ಫೆಲ್’, ಅಂದರೆ ನೆಲದ ಸೇಬು. ನಾವು ಆಲೂಗಡ್ಡೆ ಎನ್ನುವುದು ಇದನ್ನೇ. ಟೊಮೆಟೊ ಹಣ್ಣು ಅಲ್ಲಿ ‘ಟೊಮಾಟೆ’, ಇಲ್ಲಿ ‘ಪಾರಡೈಸರ್’. ಹೂಕೋಸು ಅಲ್ಲಿ ‘ಬ್ಲೂಮೆನ್‌ಕೋಲ್’, ಇಲ್ಲಿ ‘ಕಾರ್ಫಿಯೋಲ್’. ಒಕ್ಕೂಟದ ಶಾಸನಗಳಲ್ಲಿ ಆಸ್ಟ್ರಿಯದ ಈ ಪದಗಳಿಗೆ ಜರ್ಮನಿಯ ಪದಗಳಷ್ಟೇ ಮಾನ್ಯತೆಯಿದೆ ಎಂದು ಪ್ರೋಟೊಕಾಲ್ ವಿಧಿಸುತ್ತದೆ.

ಜರ್ಮನರಿಗೂ ಆಸ್ಟ್ರಿಯನ್ನರಿಗೂ ಇರುವ ಸಾಂಸ್ಕೃತಿಕ ಅಂತರವನ್ನು ಕುರಿತ ಮಾತು ಬಂದಾಗಲೆಲ್ಲ ಈ ಪಟ್ಟಿಯ ಪ್ರಸ್ತಾಪವಾಗುತ್ತದೆ. ಆದರೆ ಪಟ್ಟಿಯು ಆ ಅಂತರವನ್ನು ಎಷ್ಟರಮಟ್ಟಿಗೆ ಗುರುತಿಸುತ್ತದೆಯೋ ಅಷ್ಟರಮಟ್ಟಿಗೆ ಮರೆಮಾಡುತ್ತದೆ ಎಂಬುದು ನಮ್ಮ ವಾದ. ಎರಡು ದೇಶಗಳ ಜರ್ಮನ್ ಭಾಷೆಗಳ ನಡುವಣ ಗೆರೆಯನ್ನು ಎಳೆದದ್ದು ಮುಖ್ಯವಾಗಿ ಶಾಲೆ, ಕಾನೂನು ಮತ್ತು ನಿಘಂಟು. ಆ ಚರಿತ್ರೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಮೊದಲು ಉಪಭಾಷೆಗಳ ಭೂಪಟವನ್ನು ನೋಡಬೇಕು. ಜರ್ಮನಿಯ ಬವೇರಿಯ ಪ್ರಾಂತದ ಬಹುಭಾಗ ಮತ್ತು ಬಹುಪಾಲು ಆಸ್ಟ್ರಿಯ ಒಂದೇ ಬವೇರಿಯನ್ ಉಪಭಾಷಾ ವಲಯಕ್ಕೆ ಸೇರಿವೆ. ಆಸ್ಟ್ರಿಯದ ಪಶ್ಚಿಮ ತುದಿಯ ಫೋರಾರ್ಲ್‌ಬೆರ್ಗ್ ಪ್ರಾಂತವಾದರೋ ಸ್ವಿಟ್ಜರ್‌ಲೆಂಡಿನ ಜರ್ಮನ್ನಿಗೆ ಹತ್ತಿರವಾದ ಅಲೆಮ್ಯಾನಿಕ್ ವಲಯದ್ದು. ಹೀಗಾಗಿ ಸಾಲ್ಜ್‌ಬರ್ಗಿನ ರೈತನ ಮಾತು ಗಡಿಯಾಚೆಯ ಬವೇರಿಯದ ರೈತನ ಮಾತಿಗೆ ಹತ್ತಿರವಾಗಿದ್ದು, ತನ್ನದೇ ದೇಶದ ಫೋರಾರ್ಲ್‌ಬೆರ್ಗಿನವರ ಮಾತಿಗೆ ದೂರವಾಗಿದೆ. ರಾಜಕೀಯ ಗಡಿಯೂ ಉಪಭಾಷೆಯ ಗಡಿಯೂ ಇಲ್ಲಿ ಕೂಡಿಬರುವುದಿಲ್ಲ. ಆಸ್ಟ್ರಿಯದ ಜರ್ಮನ್ ಎಂಬ ಪ್ರತ್ಯೇಕತೆಯನ್ನು ಉಪಭಾಷೆಯ ಆಧಾರದ ಮೇಲೆ ಸ್ಥಾಪಿಸಲು ಬರುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲಿಖಿತ ಭಾಷೆಯ ಕಥೆ ಬೇರೆ. 18ನೆಯ ಶತಮಾನದ ನಡುಭಾಗದವರೆಗೆ ಕ್ಯಾಥೊಲಿಕ್ ದಕ್ಷಿಣದಲ್ಲಿ ತನ್ನದೇ ಆದ ಒಂದು ಲಿಖಿತ ರೂಢಿಯಿತ್ತು. ‘ಷ್ಪ್ರಾಖೆ’ (ಭಾಷೆ), ‘ಕಿರ್ಖೆ’ (ಚರ್ಚು) ಮುಂತಾದ ನಾಮಪದಗಳ ಕೊನೆಯ ಎಕಾರವನ್ನು ಅಲ್ಲಿ ಬಿಟ್ಟು ಬರೆಯುತ್ತಿದ್ದರು. ಎಕಾರವನ್ನು ಉಳಿಸುವ ರೂಢಿಗೆ ಲೂಥರನ ಹೆಸರು ಅಂಟಿಕೊಂಡಿತ್ತು. ಅಂದರೆ ಒಂದು ಸ್ವರದ ಲೋಪವೇ ಮತಭೇದದ ಗುರುತಾಗಿತ್ತು. ಪ್ರಾಟೆಸ್ಟೆಂಟ್ ಲೈಪ್‌ಜಿಗ್‌ನ ಗಾಟ್‌ಷೆಡ್ 1748ರಲ್ಲಿ ಪ್ರಕಟಿಸಿದ ವ್ಯಾಕರಣವು ಪೂರ್ವ ಮಧ್ಯ ಜರ್ಮನ್ ರೂಢಿಯನ್ನು ಪ್ರಮಾಣವಾಗಿಸಿತು. ಮರುವರ್ಷ ಅವನು ವಿಯೆನ್ನಾಕ್ಕೆ ಬಂದು ಮರಿಯಾ ತೆರೇಸಾಳನ್ನು ಭೇಟಿಯಾದ. 1753ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಜರ್ಮನ್ ವಾಗ್ಮಿತೆಯ ಪ್ರಾಧ್ಯಾಪಕನಾಗಿ ನೇಮಕಗೊಂಡ ಪೊಪೊವಿಚ್ ಗಾಟ್‌ಷೆಡ್‌ನ ವಿರೋಧಿ. ದಕ್ಷಿಣದ ಪ್ರಯೋಗಗಳಿಗೂ ಮನ್ನಣೆ ಸಲ್ಲಬೇಕೆಂದವನು. ಆದರೂ ಗೆದ್ದದ್ದು ಲೈಪ್‌ಜಿಗ್‌ನ ರೂಢಿಯೇ. 1774ರ ಶಾಲಾ ಶಾಸನದ ಬಳಿಕ ಸಾಮ್ರಾಜ್ಯದ ಶಾಲೆಗಳು ಅದನ್ನೇ ಹರಡಿದವು. ಆಡಳಿತವನ್ನು ಏಕರೂಪಗೊಳಿಸಲು ಹೊರಟ ಪ್ರಭುತ್ವಕ್ಕೆ ಸಿದ್ಧವಾಗಿದ್ದ ಒಂದು ಪ್ರಮಾಣಭಾಷೆ ಬೇಕಾಗಿತ್ತು. ಹೊರಗಿನಿಂದ ಬಂದ ರೂಪವೇ ಹೆಚ್ಚು ಶುದ್ಧ ಎಂಬ ಭಾವನೆಯ ಒಂದು ಬೇರು ಇಲ್ಲಿದೆ.

1866ರ ಯುದ್ಧದಲ್ಲಿ ಪ್ರಷ್ಯ ಗೆದ್ದಿತು. 1871ರ ಜರ್ಮನ್ ಸಾಮ್ರಾಜ್ಯ ಆಸ್ಟ್ರಿಯವನ್ನು ಹೊರಗಿಟ್ಟೇ ರೂಪುಗೊಂಡಿತು. 1879ರಲ್ಲಿ ಆಸ್ಟ್ರಿಯ ತನ್ನ ಶಾಲೆಗಳಿಗಾಗಿ ಪ್ರತ್ಯೇಕ ಕಾಗುಣಿತ ನಿಯಮಗಳನ್ನು ಹೊರಡಿಸಿತು. ಆದರೆ 1901ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಸಮ್ಮೇಳನದ ಏಕರೂಪ ಕಾಗುಣಿತವನ್ನು ಅದೂ ಒಪ್ಪಿತು. ರಾಜ್ಯಗಳು ಬೇರೆಯಾದ ಮೇಲೂ ಬರವಣಿಗೆ ಒಂದಾಗುತ್ತ ನಡೆದದ್ದು ಗಮನಾರ್ಹ.

ಮೊದಲ ಮಹಾಯುದ್ಧದ ಸೋಲಿನ ನಂತರ ಉಳಿದ ಪುಟ್ಟ ಗಣರಾಜ್ಯ ತನ್ನನ್ನು ‘ಜರ್ಮನ್-ಆಸ್ಟ್ರಿಯ’ ಎಂದು ಕರೆದುಕೊಂಡಿತ್ತು. 1919ರ ಸೇಂಟ್ ಜರ್ಮೈನ್ ಒಪ್ಪಂದದಿಂದಾಗಿ ಆ ಹೆಸರು ಹೋಯಿತು. ಜರ್ಮನಿಯೊಡನೆ ವಿಲೀನವಾಗುವ ದಾರಿಯೂ ಮುಚ್ಚಿತು. ಅದೇ ವರ್ಷ ಎರಡೂ ದೇಶಗಳು ಶ್ರೀಮಂತ ಮನೆತನಗಳ ಬಿರುದುಗಳನ್ನು ಕುರಿತು ತೀರ್ಮಾನ ಕೈಗೊಂಡವು. ಹೊಸ ಬಿರುದುಗಳನ್ನು ಕೊಡಬಾರದು, ಹಳೆಯವು ಹೆಸರಿನ ಅಂಗವಾಗಿ ಉಳಿಯಬಹುದು ಎಂದಿತು ಜರ್ಮನಿಯ ವೈಮಾರ್ ಸಂವಿಧಾನ. ಆಸ್ಟ್ರಿಯದ ಶಾಸನ ‘ಫಾನ್’ ಎಂಬ ಉಪಪದವನ್ನೇ ಹೆಸರುಗಳಿಂದ ಕಿತ್ತುಹಾಕಿತು. ಇಂದಿಗೂ ಜರ್ಮನಿಯ ದೂರವಾಣಿ ಪುಸ್ತಕದಲ್ಲಿ ಕಾಣುವ ‘ಫಾನ್’ ಆಸ್ಟ್ರಿಯದ ಗುರುತಿನ ಚೀಟಿಯಲ್ಲಿ ಇರುವಂತಿಲ್ಲ. ಆದರೆ ಕುಲದ ಬಿರುದನ್ನು ತೊರೆದ ಆಸ್ಟ್ರಿಯವೇ ಹುದ್ದೆಯ ಬಿರುದನ್ನು ಉಳಿಸಿಕೊಂಡಿತು. ಅರಮನೆಯೇ ಇಲ್ಲದ ಗಣರಾಜ್ಯದಲ್ಲಿ ‘ಹೋಫ್‌ರಾಟ್’, ಅಂದರೆ ಆಸ್ಥಾನ ಸಲಹೆಗಾರ ಎಂಬ ಬಿರುದು ಈಗಲೂ ಸಲ್ಲುತ್ತದೆ. ವಿಶ್ವವಿದ್ಯಾಲಯದ ಪದವಿಯನ್ನು ಹೆಸರಿಗೆ ಸೇರಿಸಿ ಸಂಬೋಧಿಸುವ ರೂಢಿಯೂ ಜರ್ಮನಿಗಿಂತ ಅಲ್ಲಿ ಬಲವಾಗಿದೆ. ಸಂಬೋಧನೆಯ ಈ ವ್ಯತ್ಯಾಸ 23 ಪದಗಳ ಪಟ್ಟಿಯಲ್ಲಿ ಇಲ್ಲ.

1938ರಲ್ಲಿ ನಾತ್ಸಿ ಜರ್ಮನಿ ಆಸ್ಟ್ರಿಯವನ್ನು ವಶಪಡಿಸಿಕೊಂಡು ಆ ದೇಶದ ಹೆಸರನ್ನೇ ಅಳಿಸಿತು. 1945ರ ನಂತರದ ಗಣರಾಜ್ಯಕ್ಕೆ ‘ಜರ್ಮನ್’ ಎಂಬ ಪದವೇ ಇರಿಸುಮುರಿಸಿನದಾಯಿತು. ಶಿಕ್ಷಣ ಸಚಿವ ಫೆಲಿಕ್ಸ್ ಹುರ್ಡೆಸ್ ಅವರ ಕಾಲದಲ್ಲಿ ಶಾಲೆಯ ಅಂಕಪಟ್ಟಿಗಳಲ್ಲಿ ‘ಜರ್ಮನ್’ ಎಂಬ ವಿಷಯದ ಹೆಸರನ್ನು ತೆಗೆದು ‘ಬೋಧನಭಾಷೆ’ ಎಂದು ನಮೂದಿಸಲಾಯಿತು. ಜನ ಅದನ್ನು ‘ಹುರ್ಡೆಸ್ಟಾನಿಷ್’ ಎಂದು ಗೇಲಿ ಮಾಡಿದರು. ಹೆಸರು ಬದಲಿಸುವ ಪ್ರಯತ್ನ ಬಾಳಲಿಲ್ಲ. ಅದೇ ಕಾಲದ ಇನ್ನೊಂದು ಪ್ರಯತ್ನ ಬಾಳಿತು. ಶಿಕ್ಷಣ ಸಚಿವಾಲಯದ ಆಶ್ರಯದಲ್ಲಿ ‘ಆಸ್ಟ್ರಿಯದ ನಿಘಂಟು’ 1951ರಲ್ಲಿ ಹೊರಬಂದಿತು. ಜನವರಿ ತಿಂಗಳಿಗೆ ‘ಯೆನ್ನರ್’, ಶಾಲಾಂತ್ಯ ಪರೀಕ್ಷೆಗೆ ‘ಮಾಟೂರ’ ಮೊದಲಾದ ರೂಪಗಳು ಅಲ್ಲಿ ಪ್ರಮಾಣಪದಗಳಾಗಿ ನಿಂತವು. ಜರ್ಮನಿಯಲ್ಲಿ ಇವು ‘ಯಾನುವಾರ್’, ‘ಆಬಿಟೂರ್’. ಆಡುಮಾತಿನ ಪದಗಳಿಗೆ ಹೆಚ್ಚು ಜಾಗ ಕೊಟ್ಟ 1979ರ 35ನೆಯ ಆವೃತ್ತಿಯನ್ನು ಆಸ್ಟ್ರಿಯದವರೇ ತೀವ್ರವಾಗಿ ಟೀಕಿಸಿದರು. ತಮ್ಮ ಮಾತು ನಿಘಂಟಿಗೆ ತಕ್ಕುದಲ್ಲ ಎಂದು ಆ ಮಾತನ್ನಾಡುವವರಲ್ಲೇ ಹಲವರು ಬಗೆದರು.

ಈ ಹಿನ್ನೆಲೆಯಲ್ಲಿ ಪಟ್ಟಿಗೆ ಮರಳೋಣ. ಅದರ ಪದಗಳು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಭಾಷಾಸಂಪರ್ಕಗಳನ್ನು ನೆನಪಿಸುತ್ತವೆ. ‘ಕಾರ್ಫಿಯೋಲ್’, ಬದನೆಕಾಯಿಗೆ ಹೇಳುವ ‘ಮೆಲನ್ಸಾನಿ’ ಇಟಾಲಿಯನ್‌ನಿಂದ ಬಂದವು. ಪ್ಲಮ್ ಹಣ್ಣಿನ ಪಾಕವಾದ ‘ಪೊವಿಡ್ಲ್’ ಚೆಕ್ ಭಾಷೆಯದು. ಖಾರವಾದ ಬೇರಿನ ಹೆಸರಾದ ‘ಕ್ರೇನ್’ ಸ್ಲಾವಿಕ್ ಮೂಲದ್ದು. ಆದರೆ ‘ಕ್ರೇನ್’ ಬವೇರಿಯದಲ್ಲೂ ಬಳಕೆಯಲ್ಲಿದೆ. ‘ಪಾರಡೈಸರ್’ ಮುಖ್ಯವಾಗಿ ಪೂರ್ವ ಆಸ್ಟ್ರಿಯದ ಪದ; ಪಶ್ಚಿಮದವರಿಗೆ ‘ಟೊಮಾಟೆ’ಯೇ ರೂಢಿ. ದೇಶದ ಹೆಸರಿನಲ್ಲಿ ಕಾನೂನು ಸೇರಿದ ಪಟ್ಟಿಯಲ್ಲಿ ವಿಯೆನ್ನಾ ಮತ್ತು ಪೂರ್ವದ ರೂಢಿ ಮೇಲುಗೈ ಪಡೆದಿದೆ. ಇನ್ನು ಪಟ್ಟಿಯ ಹೊರಗೆ ಉಳಿದವು: ‘ಕುಳಿತಿದ್ದೆ’ ಎಂಬರ್ಥದಲ್ಲಿ ಉತ್ತರ ಜರ್ಮನಿಯವರು ‘ಹಾಬೆನ್’ ಎಂಬ ಸಹಾಯಕ ಕ್ರಿಯಾಪದವನ್ನು ಬಳಸುವಲ್ಲಿ ಆಸ್ಟ್ರಿಯದವರೂ ದಕ್ಷಿಣ ಜರ್ಮನಿಯವರೂ ‘ಜೈನ್’ ಬಳಸುತ್ತಾರೆ. ‘ಜೆಸ್ಸೆಲ್’ ಎಂದರೆ ಜರ್ಮನಿಯಲ್ಲಿ ಮೆತ್ತೆಯ ಆರಾಮಕುರ್ಚಿ, ಆಸ್ಟ್ರಿಯದಲ್ಲಿ ಸಾಮಾನ್ಯ ಕುರ್ಚಿ. ಸರಕಿನ ಚೀಟಿಯ ಮೇಲೆ ಅಚ್ಚಾಗುವ ಹೆಸರುಗಳಷ್ಟೇ ಮಾರುಕಟ್ಟೆಯ ಒಪ್ಪಂದಕ್ಕೆ ಬೇಕಾಗಿದ್ದವು. ವ್ಯಾಕರಣವೂ ಅರ್ಥಭೇದವೂ ಅದರ ಲೆಕ್ಕಕ್ಕೆ ಬರಲಿಲ್ಲ.

ಭಾಷಾವಿಜ್ಞಾನ ಈ ಸ್ಥಿತಿಗೆ ಎರಡು ಪರಿಕಲ್ಪನೆಗಳನ್ನು ಒದಗಿಸಿದೆ. ಮೈಕೆಲ್ ಕ್ಲೈನ್ ಮತ್ತು ಉಲ್ರಿಖ್ ಅಮ್ಮೋನ್ ಅವರು ಜರ್ಮನ್ ಅನ್ನು ಬಹುಕೇಂದ್ರೀಯ ಭಾಷೆ ಎಂದು ವಿವರಿಸಿದರು: ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್‌ಲೆಂಡ್ ತಮ್ಮ ತಮ್ಮ ಪ್ರಮಾಣರೂಪಗಳಿರುವ ಕೇಂದ್ರಗಳು. ಹರ್ಮನ್ ಷೊಯ್‌ರಿಂಗರ್ ಮೊದಲಾದವರು ಇದನ್ನು ಒಪ್ಪದೆ, ವ್ಯತ್ಯಾಸಗಳು ದೇಶದ ಗಡಿಯನ್ನು ಅನುಸರಿಸುವುದಿಲ್ಲವಾದ್ದರಿಂದ ‘ಬಹುಪ್ರಾದೇಶಿಕ’ ಎನ್ನಬೇಕೆಂದರು. ‘ಕ್ರೇನ್’, ‘ಪಾರಡೈಸರ್’ ಪದಗಳ ವ್ಯಾಪ್ತಿ ಎರಡನೆಯ ವಾದವನ್ನು ಬೆಂಬಲಿಸುತ್ತದೆ. ‘ಮಾಟೂರ’, ಹೆಸರುಗಳಿಂದ ಮಾಯವಾದ ‘ಫಾನ್’ ಮತ್ತು ಉಳಿದುಬಂದ ‘ಹೋಫ್‌ರಾಟ್’ ಮೊದಲನೆಯದನ್ನು. ಪ್ರಭುತ್ವದ ಸಂಸ್ಥೆಗಳಿಗೆ ಅಂಟಿಕೊಂಡ ಪದಗಳು ಗಡಿಯಲ್ಲಿ ನಿಲ್ಲುತ್ತವೆ, ಹೊಲ ಮತ್ತು ಅಡುಗೆಮನೆಯ ಪದಗಳು ಗಡಿಯನ್ನು ದಾಟುತ್ತವೆ ಎಂಬುದು ನಮಗೆ ಕಾಣುವ ಸಾಮಾನ್ಯ ಪ್ರವೃತ್ತಿ. ಆದುದರಿಂದ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಮೊದಲು ಯಾವ ಬಗೆಯ ಪದವೆಂದು ಕೇಳುವುದು ಅಗತ್ಯ. ಹಾಗೆ ಕೇಳಿದರೆ, ಆಸ್ಟ್ರಿಯದ ಪ್ರತ್ಯೇಕತೆಗೆ ಸಾಕ್ಷಿಯಾಗಿ ಕಾನೂನು ಆರಿಸಿಕೊಂಡದ್ದು ಗಡಿಯಲ್ಲಿ ನಿಲ್ಲದ ಬಗೆಯ ಪದಗಳನ್ನೇ ಎಂಬುದು ತಿಳಿಯುತ್ತದೆ.

ಇದು ಪರಿಭಾಷೆಯ ಜಗಳವಷ್ಟೇ ಅಲ್ಲ. ಪ್ರಬಲ ಕೇಂದ್ರದವರು ತಮ್ಮ ರೂಪವನ್ನೇ ಪ್ರಮಾಣವೆಂದೂ ಇತರರದನ್ನು ಪ್ರಾಂತೀಯ ಸೊಗಸೆಂದೂ ಭಾವಿಸುತ್ತಾರೆ, ದುರ್ಬಲ ಕೇಂದ್ರದ ವಿದ್ಯಾವಂತರು ಆ ತೀರ್ಪನ್ನು ಒಪ್ಪಿಕೊಳ್ಳುತ್ತಾರೆ ಎಂದು ಕ್ಲೈನ್ ತೋರಿಸಿದ್ದರು. ವಿಯೆನ್ನಾದ ಮಗು ‘ಜೈನ್’ ಬಳಸಿ ಬರೆದ ವಾಕ್ಯವನ್ನು ಅದರ ಶಿಕ್ಷಕರು ತಪ್ಪೆಂದು ತಿದ್ದಿದರೆ ಅದು 18ನೆಯ ಶತಮಾನದ ತೀರ್ಪಿನ ಮುಂದುವರಿಕೆಯೇ. ಒಪ್ಪಂದದ ಪಟ್ಟಿ ಆ ಮಗುವಿನ ‘ಎರ್ಡಾಪ್ಫೆಲ್’ ಪದವನ್ನು ರಕ್ಷಿಸುತ್ತದೆ, ಅದರ ವಾಕ್ಯವನ್ನು ರಕ್ಷಿಸುವುದಿಲ್ಲ. ಜರ್ಮನ್ ಗಣರಾಜ್ಯದ ರಾಜ್ಯಭಾಷೆ ಎಂದಷ್ಟೇ ಹೇಳುವ ಆಸ್ಟ್ರಿಯದ ಸಂವಿಧಾನದ 8ನೆಯ ವಿಧಿಯು, ಅದು ಯಾವ ಜರ್ಮನ್ ಎಂಬುದನ್ನು ಹೇಳದೆ ಬಿಟ್ಟಿದೆ. ಹೀಗಾಗಿ ಆ ಪ್ರಶ್ನೆ ದಿನವೂ ಇತ್ಯರ್ಥವಾಗುವುದು ತರಗತಿಗಳಲ್ಲಿ, ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ. ಆಸ್ಟ್ರಿಯದ ಜರ್ಮನ್ ಭಾಷೆಯ ಮುಂದಿನ ಅಧ್ಯಯನಗಳು ಪದಪಟ್ಟಿಗಳಷ್ಟೇ ಗಂಭೀರವಾಗಿ ಆ ತಿದ್ದುಪಡಿಗಳನ್ನೂ ತಮ್ಮ ಆಕರವಾಗಿ ಪರಿಗಣಿಸಬೇಕೆಂದು ನಾವು ಭಾವಿಸುತ್ತೇವೆ.